ಹೊಟ್ಟೆಗೆ ಹಾಕಿದ ಪೈಪಿನ ತಟ್ಟೆ ಎಷ್ಟು ಬಿಗಿಯಾಗಿರಬೇಕು?

ಪ್ರಶ್ನೆ: ನಾವು ರಾಜಾಜಿನಗರದಲ್ಲಿದ್ದೇವೆ. ನನ್ನ ತಂದೆಗೆ 68 ವರ್ಷ. ಪಾರ್ಶ್ವವಾಯು ಆದ ಮೇಲೆ ಅವರಿಗೆ ನುಂಗಲು ಆಗುತ್ತಿಲ್ಲ. ಒಂದು ತಿಂಗಳು ಮೂಗಿನ ರೈಲ್ಸ್ ಟ್ಯೂಬ್‌ನಲ್ಲಿ ಆಹಾರ ಕೊಟ್ಟು, ಮೂರು ತಿಂಗಳ ಹಿಂದೆ ಹೊಟ್ಟೆಗೆ ಪೆಗ್ ಟ್ಯೂಬ್ ಹಾಕಿಸಿದೆವು. ಆಗ 46 ಕೆ.ಜಿ. ಇದ್ದವರು ಈಗ 53 ಕೆ.ಜಿ. ಆಗಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಚರ್ಮದ ಬಳಿ 3 ಸೆಂ.ಮೀ.’ ಎಂದು ಬರೆದಿತ್ತು, ಅದನ್ನೇ ಕಾಪಾಡಿಕೊಂಡು ಬಂದೆವು. ಕಳೆದ ತಿಂಗಳು ಅಪ್ಪ ಎಡಗೈಯಿಂದ ಪೈಪನ್ನು ಎರಡು ಸಲ ಎಳೆದರು. ಕಿತ್ತು ಬಂದೀತೆಂದು ಹೆದರಿ ಅಣ್ಣ ಪೈಪಿನ ಮೇಲೆ ಜಾರುವ, ಚರ್ಮದ ಮೇಲೆ ಕೂರುವ ಹೊರಗಿನ ತಟ್ಟೆಯನ್ನು ಇನ್ನಷ್ಟು ಒತ್ತಿ ಬಿಗಿ ಮಾಡಿದರು. ಮನೆಗೆ ಬರುವ ನರ್ಸ್ ತಟ್ಟೆಯ ಕೆಳಗೆ ಹತ್ತಿ ಇಟ್ಟು ಡ್ರೆಸ್ಸಿಂಗ್ ಮಾಡುತ್ತಾರೆ. ಎರಡು ವಾರದಿಂದ ಪೈಪಿನ ಸುತ್ತ ಸೋರುತ್ತಿದೆ, ರಾಗಿ ಗಂಜಿ ಇಳಿಯುವುದು ಬಹಳ ನಿಧಾನವಾಗಿದೆ, ಕೊಡುವಾಗ ಅಪ್ಪ ಮುಖ ಕಿವುಚುತ್ತಾರೆ. ದಪ್ಪ ಪೈಪು ಹಾಕಿಸಿದರೆ ಸೋರುವುದು ನಿಲ್ಲುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ‘ಬಟನ್’ ಹಾಕಿಸೋಣ ಎಂದು ಅಣ್ಣ ಹೇಳುತ್ತಾರೆ. ಒಳಗೆ ಪೈಪನ್ನು ಹಿಡಿದಿರುವುದಾದರೂ ಏನು? ತಟ್ಟೆ ಎಷ್ಟು ಬಿಗಿಯಾಗಿರಬೇಕು?

ಉತ್ತರ: ಮೊದಲು ಇವತ್ತೇ ಆಗಬೇಕಾದ ಕೆಲಸವನ್ನು ಹೇಳುತ್ತೇನೆ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ಸುತ್ತ ಸೋರುವುದು, ಗಂಜಿ ಇಳಿಯದಿರುವುದು, ಕೊಡುವಾಗ ನೋವು, ತೂಕ ಏಳು ಕಿಲೋ ಏರಿದರೂ ತಟ್ಟೆ ಹಿಂದಕ್ಕೆ ಸರಿಯದೆ ಇನ್ನಷ್ಟು ಬಿಗಿಯಾಗಿರುವುದು. ಈ ನಾಲ್ಕೂ ಒಬ್ಬರಲ್ಲೇ ಕಂಡಾಗ ನನ್ನ ಮನಸ್ಸಿಗೆ ಮೊದಲು ಬರುವ ಅನುಮಾನ ಒಂದೇ: ಪೈಪಿನ ಒಳತುದಿ ಜಠರದ ಗೋಡೆಯೊಳಗೆ ಹೂತುಹೋಗುತ್ತಿರಬಹುದು. ಅದು ಹೌದೋ ಅಲ್ಲವೋ ಎಂಬ ಸುಳಿವು ಮನೆಯಲ್ಲೇ ಸಿಗುತ್ತದೆ. ತಂದೆಯವರನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ, ಹೊಟ್ಟೆ ಸಡಿಲವಾಗಲು ಬಿಡಿ. ಕೈ ತೊಳೆದು, ಒಂದು ಕೈಯಲ್ಲಿ ಪೈಪನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ತಟ್ಟೆಯನ್ನು ಚರ್ಮದಿಂದ ದೂರ ಸರಿಸಿ. ಜಾರದಿದ್ದರೆ ಸ್ವಲ್ಪ ಸೋಪಿನ ನೀರು ಸವರಿ. ಈಗ ಪೈಪನ್ನು ಮೆಲ್ಲಗೆ ಎರಡು ಸೆಂಟಿಮೀಟರಿನಷ್ಟು ಒಳಗೆ ತಳ್ಳಿ ನೋಡಿ. ಸಲೀಸಾಗಿ ಒಳಗೆ ಹೋಗಿ ಹಿಂದಕ್ಕೆ ಬಂದರೆ ನಿಟ್ಟುಸಿರು ಬಿಡಬಹುದು. ಆಗ ತಟ್ಟೆಯನ್ನು ಸಡಿಲವಾಗಿಯೇ ಇಟ್ಟು ನಾಳೆ ವೈದ್ಯರಿಗೆ ತೋರಿಸಿ. ಒಂದಿಷ್ಟೂ ಒಳಗೆ ಹೋಗದಿದ್ದರೆ, ತಿರುಗದಿದ್ದರೆ, ನೋವಿನಿಂದ ಅವರು ಕೈ ತಳ್ಳಿದರೆ ಬಲವಂತ ಮಾಡಬೇಡಿ, ಎಳೆಯಲೂ ಬೇಡಿ. ಆ ಪೈಪಿನಲ್ಲಿ ಗಂಜಿ, ನೀರು, ಔಷಧ ಏನನ್ನೂ ಕೊಡದೆ, ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಜಠರದ ಒಳಗನ್ನು ನೋಡುವ) ಸೌಲಭ್ಯ ಇರುವ ಆಸ್ಪತ್ರೆಗೆ ಇವತ್ತೇ ಹೋಗಿ. ಒಳತುದಿ ಹೂತಿರುವಾಗ ಒತ್ತಿ ಕೊಟ್ಟ ಆಹಾರ ಹೊಟ್ಟೆಯ ಗೋಡೆಯ ಪದರಗಳ ನಡುವೆ ಸೇರಿ ಕೀವು ಕಟ್ಟಬಹುದು. ಉದರದೊಳಗೆ ಹರಡಿದರೆ ಪ್ರಾಣಕ್ಕೇ ಅಪಾಯ. ಜ್ವರ ಬಂದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಯಾವ ಪರೀಕ್ಷೆಗೂ ಕಾಯದೆ ಹೊರಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ.

ಪೈಪನ್ನು ಹಿಡಿದಿರುವುದು ಏನು ಎಂಬುದನ್ನು ಹೆಣ್ಣುಮಕ್ಕಳಿಗೆ ವಿವರಿಸುವುದು ನನಗೆ ಯಾವಾಗಲೂ ಸುಲಭ, ಏಕೆಂದರೆ ಕಿವಿಯ ಓಲೆ ಅವರಿಗೆ ಗೊತ್ತು. ಓಲೆಯ ಮುಂದೆ ಹರಳು, ಹಿಂದೆ ತಿರುಪು, ನಡುವೆ ಕಿವಿಯ ಹಾಲೆ. ಹೊಟ್ಟೆಯ ಪೈಪೂ ಹಾಗೆಯೇ. ಜಠರದ ಒಳಗೆ ಅಣಬೆಯ ತಲೆಯಂಥ ಅಥವಾ ಬಿಲ್ಲೆಯಂಥ ಒಂದು ಮೆತ್ತನೆಯ ಭಾಗವಿದೆ, ಆಸ್ಪತ್ರೆಯಲ್ಲಿ ಅದನ್ನು ಬಂಪರ್ ಎನ್ನುತ್ತೇವೆ. ಸಿಲಿಕೋನ್ ಅಥವಾ ಪಾಲಿಯುರೆಥೇನ್‌ನಿಂದ ಮಾಡಿದ್ದು. ಹೊರಗೆ ಚರ್ಮದ ಮೇಲೆ ಪೈಪಿನುದ್ದಕ್ಕೂ ಜಾರುವ ತಟ್ಟೆ. ಇವೆರಡರ ನಡುವೆ ಜಠರದ ಗೋಡೆ, ಸ್ನಾಯು, ಕೊಬ್ಬು, ಚರ್ಮ. ಪೈಪು ಹೊರಗೆ ಕಿತ್ತುಬರದಂತೆ ತಡೆಯುವುದು ಒಳಗಿನ ಬಂಪರ್. ತಟ್ಟೆಯ ಕೆಲಸ ಬೇರೆ: ಪೈಪು ಒಳಕ್ಕೆ ಜಾರಿಹೋಗದಂತೆ, ಅತ್ತಿತ್ತ ವಾಲದಂತೆ ನೋಡಿಕೊಳ್ಳುವುದು. ನಿಮ್ಮ ಅಣ್ಣ ಹೊರಗಿನ ತಟ್ಟೆಯನ್ನು ಒತ್ತಿದಾಗ ತಂದೆಯವರ ಎಳೆತದಿಂದ ಸಿಕ್ಕ ರಕ್ಷಣೆ ಏನೂ ಹೆಚ್ಚಾಗಲಿಲ್ಲ. ಹೆಚ್ಚಾದದ್ದು ಬಂಪರ್ ಜಠರದ ಒಳಪೊರೆಯನ್ನು ಒತ್ತುವ ಒತ್ತಡ ಮಾತ್ರ. ಅವರದು ತಪ್ಪೆಂದು ನಾನು ಹೇಳುತ್ತಿಲ್ಲ. ಬಿಗಿಯಾದದ್ದು ಭದ್ರ ಎಂದು ಯಾರಾದರೂ ಅಂದುಕೊಳ್ಳುತ್ತಾರೆ.

ಪುಟ್ಟ ಮಗುವಿಗೆ ಕಿವಿ ಚುಚ್ಚಿಸಿದ ಮೇಲೆ ಓಲೆಯ ತಿರುಪನ್ನು ಅತಿಯಾಗಿ ಬಿಗಿದು ಮರೆತರೆ ಏನಾಗುತ್ತದೆ ಎಂಬುದನ್ನು ಅಜ್ಜಿಯಂದಿರು ಬಲ್ಲರು. ಹಾಲೆ ಊದಿಕೊಳ್ಳುತ್ತದೆ, ತಿರುಪು ಚರ್ಮದೊಳಗೆ ಇಳಿಯುತ್ತದೆ, ಒಂದು ದಿನ ನೋಡಿದರೆ ಹಿಂದೆ ತಿರುಪೇ ಕಾಣುವುದಿಲ್ಲ. ಬಂಪರ್ ಹೂತುಹೋಗುವುದೂ ಇದೇ ರೀತಿ. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಕಾಗುತ್ತದೆ? ಒಂದೇ ಜಾಗದ ಮೇಲೆ ಸತತ ಒತ್ತಡ ಬಿದ್ದು ಅಲ್ಲಿಗೆ ರಕ್ತ ಹರಿಯುವುದು ನಿಲ್ಲುವುದರಿಂದ. ಜಠರದ ಒಳಪೊರೆಗೂ ಅದೇ ನಿಯಮ. ಬಂಪರ್ ಒತ್ತಿದ ಕಡೆ ಹುಣ್ಣಾಗುತ್ತದೆ, ಬಂಪರ್ ಆ ಹುಣ್ಣಿನಲ್ಲಿ ನಿಧಾನವಾಗಿ ಹೊರಮುಖವಾಗಿ ಇಳಿಯುತ್ತದೆ, ಸುತ್ತಲಿನ ಪೊರೆ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ. ಬೆನ್ನಿನ ಹುಣ್ಣು ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ.

ನಾನು ಇದನ್ನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಎಂಡೋಸ್ಕೋಪಿ ಕಲಿಯುತ್ತಿದ್ದ ದಿನಗಳಲ್ಲಿ ತುಮಕೂರು ಕಡೆಯ ಒಬ್ಬ ತಾಯಿಗೆ ಪೈಪು ಹಾಕಿದ್ದೆವು. ಊರಿಗೆ ಬಸ್ಸಿನಲ್ಲಿ ಹೋಗಬೇಕು, ದಾರಿಯಲ್ಲಿ ಅಲುಗಾಡಬಾರದು ಎಂದು ನಾನೇ ತಟ್ಟೆಯನ್ನು ಚರ್ಮಕ್ಕೆ ಒತ್ತಿ ಕೂರಿಸಿದೆ. ‘ಪೈಪನ್ನು ಅಲುಗಾಡಿಸಬೇಡಿ’ ಎಂದು ಮಗನಿಗೆ ಹೇಳಿ ಕಳಿಸಿದೆ. ನಾಲ್ಕು ತಿಂಗಳ ನಂತರ ಗಂಜಿ ಇಳಿಯುತ್ತಿಲ್ಲವೆಂದು ಕರೆತಂದರು. ಎಂಡೋಸ್ಕೋಪ್ ಇಳಿಸಿ ನೋಡಿದರೆ ಬಿಲ್ಲೆ ಇರಬೇಕಾದ ಜಾಗದಲ್ಲಿ ಉಬ್ಬಿದ ಕೆಂಪು ಮಾಂಸ, ಅದರ ನಡುವೆ ಹೊಕ್ಕುಳಿನಂಥ ಒಂದು ಸಣ್ಣ ಕುಳಿ, ಅಷ್ಟೇ. ‘ನೀವು ಅಲುಗಾಡಿಸಬೇಡಿ ಎಂದಿದ್ದಿರಿ ಸರ್, ಒಂದು ದಿನವೂ ಅಲುಗಾಡಿಸಲಿಲ್ಲ’ ಎಂದು ಆ ಮಗ ಕೈಕಟ್ಟಿ ನಿಂತು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಆ ತಾಯಿ ಚೇತರಿಸಿಕೊಂಡರು. ಅಂದಿನಿಂದ ಪೈಪು ಹಾಕಿದ ಯಾರನ್ನೂ ತಟ್ಟೆಯ ಬಗ್ಗೆ ಹತ್ತು ನಿಮಿಷ ಮಾತನಾಡದೆ ಮನೆಗೆ ಕಳಿಸಿಲ್ಲ.

ಹಾಗಾದರೆ ತಟ್ಟೆಯೇ ಬೇಡವೇ, ಮೊದಲ ದಿನ ಬಿಗಿಯಾಗಿ ಇಟ್ಟಿದ್ದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಜಠರ ಹೊಟ್ಟೆಯ ಗೋಡೆಗೆ ಅಂಟಿಕೊಂಡಿರುವ ಅಂಗವಲ್ಲ, ಒಳಗೆ ತನ್ನಷ್ಟಕ್ಕೆ ತೂಗುವ ಚೀಲ. ಹೊರಗಿನಿಂದ ತೂತು ಮಾಡಿ ಪೈಪು ಹಾಕಿದಾಗ ಆ ಚೀಲ ಗೋಡೆಯಿಂದ ದೂರ ಸರಿದರೆ ಜಠರದ ದ್ರವ ಉದರದೊಳಗೆ ಚೆಲ್ಲುತ್ತದೆ. ಆದ್ದರಿಂದ ಆರಂಭದಲ್ಲಿ ಎರಡನ್ನೂ ಒಂದಕ್ಕೊಂದು ತಾಗಿಸಿ ಹಿಡಿಯಬೇಕು. ತಾಗಿಸಿ ಹಿಡಿದರೆ ಸಾಕು, ದೇಹವೇ ಅವನ್ನು ಬೆಸೆಯುತ್ತದೆ. ಈ ಬೆಸುಗೆಗೆ ಇತಿಹಾಸದಲ್ಲಿ ಒಂದು ಸೋಜಿಗದ ಸಾಕ್ಷಿಯಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಗಾಯ ಮಾಯಿತು, ಆದರೆ ಜಠರದ ಅಂಚು ಹೊಟ್ಟೆಯ ಗೋಡೆಗೆ ಬೆಸೆದುಕೊಂಡು ತೂತು ಹಾಗೆಯೇ ಉಳಿಯಿತು. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕ ಜೀರ್ಣಕ್ರಿಯೆಯನ್ನು ಕಣ್ಣಾರೆ ನೋಡಿ 1833ರಲ್ಲಿ ಪುಸ್ತಕ ಬರೆದ. ಯುವಕ ಆ ತೂತಿನೊಂದಿಗೇ ದಶಕಗಳ ಕಾಲ ಬದುಕಿದ.

ಆ ಮೇಲೆ ಶಸ್ತ್ರವೈದ್ಯರು ಹೊಟ್ಟೆ ಕೊಯ್ದು, ಹೊಲಿಗೆ ಹಾಕಿ ಜಠರವನ್ನು ಗೋಡೆಗೆ ಕಟ್ಟಿ ಪೈಪು ಇಡುತ್ತಿದ್ದರು. ಕೊಯ್ಯದೆ ಇದನ್ನು ಮಾಡಬಹುದೆಂದು ತೋರಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಮಕ್ಕಳ ಶಸ್ತ್ರವೈದ್ಯ ಮೈಕಲ್ ಗೌಡರರ್ ಮತ್ತು ಎಂಡೋಸ್ಕೋಪಿ ತಜ್ಞ ಜೆಫ್ರಿ ಪಾನ್ಸ್ಕಿ. 1979ರಲ್ಲಿ ಅವರು ಮೊದಲು ಪೈಪು ಹಾಕಿದ್ದು ಕೆಲವೇ ತಿಂಗಳ ಒಂದು ಹಸುಗೂಸಿಗೆ. ಎಂಡೋಸ್ಕೋಪಿನ ಬೆಳಕು ಹೊಟ್ಟೆಯ ಚರ್ಮದ ಮೂಲಕ ಕೆಂಪಗೆ ಕಾಣುವ ಜಾಗದಲ್ಲಿ ಸೂಜಿ ಚುಚ್ಚಿ, ದಾರವನ್ನು ಒಳಗೆ ಬಿಟ್ಟು ಬಾಯಿಂದ ಹೊರತೆಗೆದು, ಆ ದಾರಕ್ಕೆ ಪೈಪು ಕಟ್ಟಿ, ಬಾಯಿಂದ ಜಠರಕ್ಕೆ, ಜಠರದಿಂದ ಹೊಟ್ಟೆಯ ಹೊರಕ್ಕೆ ಎಳೆದುಕೊಳ್ಳುವುದು. ನಿಮ್ಮ ತಂದೆಯವರಿಗೂ ಬಹುತೇಕ ಹೀಗೆಯೇ ಮಾಡಿರುತ್ತಾರೆ. ಇಲ್ಲಿ ಹೊಲಿಗೆಯೇ ಇಲ್ಲ. ಹೊಲಿಗೆಯ ಕೆಲಸವನ್ನು ಬಂಪರ್ ಮತ್ತು ತಟ್ಟೆ ಸೇರಿ ಮಾಡುತ್ತವೆ. ಈ ವಿಧಾನದ ಜಾಣ್ಮೆ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಮೊದಲ ದಿನ ತಟ್ಟೆ ಚರ್ಮಕ್ಕೆ ತಾಗಿಕೊಂಡಿರಲಿ. ಆಮೇಲೆ ಅದನ್ನು ಸಡಿಲಿಸಬೇಕು. ಚರ್ಮಕ್ಕೂ ತಟ್ಟೆಗೂ ನಡುವೆ ಅರ್ಧದಿಂದ ಒಂದು ಸೆಂಟಿಮೀಟರ್ ಜಾಗ ಇರಬೇಕು. ಪೈಪನ್ನು ಮೆಲ್ಲಗೆ, ಒಳಗಿನ ಬಂಪರ್ ತಾಗಿತೆಂದು ಕೈಗೆ ತಿಳಿಯುವಷ್ಟು ಮಾತ್ರ ಹೊರಕ್ಕೆ ಎಳೆದು ಹಿಡಿದಾಗ ಕಾಣುವ ಅಂತರ ಇದು. ಬೆಸುಗೆ ಒಂದೆರಡು ವಾರದಲ್ಲಿ ಶುರುವಾಗಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಗಟ್ಟಿಯಾಗುತ್ತದೆ. ಸೊರಗಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ ಇನ್ನೂ ತಡವಾಗಬಹುದು. ನಿಮ್ಮ ತಂದೆಯವರಿಗೆ ಮೂರು ತಿಂಗಳಾಗಿದೆ. ಈಗ ಜಠರವನ್ನು ಗೋಡೆಗೆ ಹಿಡಿದಿರುವುದು ತಟ್ಟೆಯಲ್ಲ, ಅವರ ಮೈಯೇ.

ಇನ್ನು ಆ ‘3 ಸೆಂ.ಮೀ.’ ವಿಷಯ. ಪೈಪಿನ ಮೇಲೆ ಅಂಕಿಗಳಿರುವುದು ಬಂಪರಿನಿಂದ ಚರ್ಮದವರೆಗಿನ ದೂರ ತಿಳಿಯಲು. 46 ಕಿಲೋ ಇದ್ದಾಗ ಅವರ ಹೊಟ್ಟೆಯ ಗೋಡೆ ಎಷ್ಟು ದಪ್ಪ ಇತ್ತೋ ಅದಕ್ಕೆ ತಕ್ಕ ಅಂಕಿ ಅದು. ನೀವು ಅಕ್ಕರೆಯಿಂದ ನೋಡಿಕೊಂಡಿರಿ, ಅವರು ಮೈದುಂಬಿಕೊಂಡರು, ಗೋಡೆ ದಪ್ಪವಾಯಿತು, ಅಂಕಿ ಮಾತ್ರ ಮೂರರಲ್ಲೇ ನಿಂತಿತು. ಹಳೆಯ ಅಂಗಿಯ ಗುಂಡಿಯನ್ನು ಎಳೆದು ಹಾಕಿದಂತಾಯಿತು. ಚೀಟಿ ಬರೆದವರು ‘ತೂಕ ಹೆಚ್ಚಿದರೆ ಸಡಿಲಿಸಿ’ ಎಂಬ ಮೂರು ಪದ ಸೇರಿಸಬೇಕಿತ್ತು. ಅದನ್ನು ಹೇಳದೆ ಕಳಿಸುವುದು ನಮ್ಮ ವೃತ್ತಿಯ ದೊಡ್ಡ ಲೋಪ ಎಂದೇ ನಾನು ಭಾವಿಸುತ್ತೇನೆ. ಇನ್ನೊಂದು ವಿಷಯ: ಮಲಗಿದಾಗ ಹೊಟ್ಟೆ ಚಪ್ಪಟೆಯಾಗಿರುತ್ತದೆ, ಕೂತಾಗ ಮಡಿಕೆ ಬಿದ್ದು ದಪ್ಪವಾಗುತ್ತದೆ. ಮಲಗಿಸಿ ಸರಿಮಾಡಿದ ತಟ್ಟೆ ಗಾಲಿಕುರ್ಚಿಯಲ್ಲಿ ಕೂರಿಸಿದ ಕೂಡಲೇ ಚರ್ಮವನ್ನು ಕಚ್ಚಬಹುದು. ಎರಡೂ ಭಂಗಿಯಲ್ಲಿ ನೋಡಿ.

ತಟ್ಟೆಯ ಕೆಳಗಿನ ಹತ್ತಿಯನ್ನು ದಯವಿಟ್ಟು ತೆಗೆಸಿ. ನರ್ಸ್ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಾರೆ, ಆದರೆ ದಪ್ಪ ಹತ್ತಿ ಇಟ್ಟಷ್ಟೂ ತಟ್ಟೆ ಮೇಲಕ್ಕೆ ಏಳುತ್ತದೆ, ಅದರ ಜೊತೆಗೆ ಒಳಗಿನ ಬಂಪರ್ ಎಳೆಯಲ್ಪಡುತ್ತದೆ. ಸಾಲದ್ದಕ್ಕೆ ಸೋರಿದ ದ್ರವವನ್ನು ಹೀರಿಕೊಂಡ ಹತ್ತಿ ಇಡೀ ದಿನ ಚರ್ಮವನ್ನು ತೇವವಾಗಿಟ್ಟು ಸುಡುತ್ತದೆ. ಗಾಯ ಮಾಗಿದ ಮೇಲೆ ಡ್ರೆಸ್ಸಿಂಗೇ ಬೇಕಿಲ್ಲ. ದಿನಕ್ಕೊಮ್ಮೆ ಸೋಪು ಮತ್ತು ನೀರಿನಲ್ಲಿ ತೊಳೆದು, ತಟ್ಟೆಯ ಕೆಳಗೂ ಒರೆಸಿ, ಗಾಳಿಗೆ ಒಣಗಲು ಬಿಟ್ಟರೆ ಸಾಕು. ಸೋರುವಾಗ ತೆಳ್ಳನೆಯ ಗಾಜ್ ಬಟ್ಟೆ ಇಡಬೇಕೆನಿಸಿದರೆ ತಟ್ಟೆಯ ಮೇಲೆ ಇಡಿ, ನೆನೆದ ಕೂಡಲೇ ಬದಲಿಸಿ.

ಮುಂದೆ ಎಲ್ಲ ಸರಿಹೋದ ಮೇಲೆ, ವಾರಕ್ಕೆ ಒಮ್ಮೆಯಾದರೂ ತಟ್ಟೆಯನ್ನು ಸರಿಸಿ, ಪೈಪನ್ನು ಎರಡು ಮೂರು ಸೆಂಟಿಮೀಟರ್ ಒಳಗೆ ತಳ್ಳಿ, ಒಂದು ಪೂರ್ತಿ ಸುತ್ತು ತಿರುಗಿಸಿ, ಮೆಲ್ಲಗೆ ಹಿಂದಕ್ಕೆ ತಂದು, ತಟ್ಟೆಯನ್ನು ಮತ್ತೆ ಜಾಗ ಬಿಟ್ಟು ಕೂರಿಸಿ. ಬರೀ ತಿರುಗಿಸಿದರೆ ಸಾಲದು, ಒಳಗೆ ತಳ್ಳಲೇಬೇಕು. ಅರೆಬರೆ ಹೂತ ಬಂಪರ್ ಕೂಡ ಕೆಲವೊಮ್ಮೆ ಇದ್ದಲ್ಲೇ ತಿರುಗುತ್ತದೆ, ಒಳಕ್ಕೆ ಮಾತ್ರ ಹೋಗುವುದಿಲ್ಲ. ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ: ಪೈಪು ಹಾಕಿ ಇನ್ನೂ ವಾರವಾಗದಿದ್ದರೆ ಇದನ್ನು ಮಾಡಬೇಡಿ. ಪೈಪಿನೊಳಗೆ ಸಣ್ಣ ಕರುಳಿಗೆ ಹೋಗುವ ಇನ್ನೊಂದು ಉದ್ದನೆಯ ನಳಿಕೆ ಇದ್ದರೆ ತಿರುಗಿಸಲೇಬಾರದು, ತಿರುಚಿಕೊಳ್ಳುತ್ತದೆ.

ಎಲ್ಲರ ಹೊಟ್ಟೆಯಲ್ಲೂ ಒಂದೇ ಬಗೆಯ ಹಿಡಿತ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ನಿಮ್ಹಾನ್ಸ್ ಮತ್ತು ಕಿದ್ವಾಯಿ ಎರಡೂ ಬೆಂಗಳೂರಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ನರರೋಗದಿಂದಲೋ ಬಾಯಿ, ಗಂಟಲಿನ ಕ್ಯಾನ್ಸರಿನಿಂದಲೋ ನುಂಗಲಾಗದವರು ರಾಜ್ಯದ ಮೂಲೆಮೂಲೆಗಳಿಂದ ಈ ಊರಿಗೆ ಬರುತ್ತಾರೆ. ಬಾಯಿಯಲ್ಲಿ ಗಡ್ಡೆ ಇರುವವರಿಗೆ ಬಾಯಿಯ ಮೂಲಕ ಪೈಪನ್ನು ಎಳೆದರೆ ಗಡ್ಡೆಯ ಕಣಗಳು ಹೊಟ್ಟೆಯ ತೂತಿಗೆ ಅಂಟುವ ಅಪಾಯ ಉಂಟು, ಅಪರೂಪವಾದರೂ ಉಂಟು. ಅಂಥವರಿಗೆ ಹೊರಗಿನಿಂದಲೇ ಪೈಪು ತೂರಿಸುವ ವಿಧಾನವಿದೆ. ಆಗ ಜಠರವನ್ನು ಗೋಡೆಗೆ ಹಿಡಿದಿಡಲು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪುಟ್ಟ ಲೋಹದ ಕಡ್ಡಿಗಳನ್ನು ಸೂಜಿಯ ಮೂಲಕ ಒಳಗೆ ಬಿಡುತ್ತಾರೆ. ಕಡ್ಡಿ ಜಠರದೊಳಗೆ ಅಡ್ಡಲಾಗಿ ನಿಲ್ಲುತ್ತದೆ, ಅದಕ್ಕೆ ಕಟ್ಟಿದ ದಾರ ಹೊರಗೆ ಒಂದು ಚಿಕ್ಕ ಗುಂಡಿಗೆ ಬಿಗಿದಿರುತ್ತದೆ. ಪೈಪಿನ ಸುತ್ತ ಇಂಥ ಎರಡೋ ಮೂರೋ ನಾಲ್ಕೋ ಗುಂಡಿಗಳು ಕಾಣುತ್ತವೆ. ಒಂದೆರಡು ವಾರದ ನಂತರ ದಾರ ಕತ್ತರಿಸುತ್ತಾರೆ ಅಥವಾ ತಾನೇ ಕರಗುತ್ತದೆ, ಕಡ್ಡಿ ಮಲದಲ್ಲಿ ಹೊರಟುಹೋಗುತ್ತದೆ. ಈ ಗುಂಡಿಗಳು ಇರುವವರೆಗೆ ಪೈಪನ್ನು ತಿರುಗಿಸಬಾರದು, ಗುಂಡಿಗಳನ್ನು ಮನೆಯಲ್ಲಿ ಕತ್ತರಿಸಲೂಬಾರದು.

ದಪ್ಪ ಪೈಪಿನ ಸಲಹೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ಮತ್ತೆ ಕಿವಿಯನ್ನೇ ನೆನೆಯಿರಿ. ಭಾರದ ಜುಮುಕಿ ಹಾಕಿ ತೂತು ಜಗ್ಗಿದರೆ ಅದಕ್ಕಿಂತ ದಪ್ಪ ಕಡ್ಡಿಯ ಓಲೆ ಹಾಕಿ ಯಾರೂ ಸರಿಮಾಡುವುದಿಲ್ಲ. ದಪ್ಪ ಪೈಪು ಮೊದಲ ಕೆಲವು ದಿನ ಸೋರಿಕೆ ನಿಲ್ಲಿಸಿದಂತೆ ಕಾಣುತ್ತದೆ, ಆಮೇಲೆ ತೂತು ಅದರ ಅಳತೆಗೂ ಹಿಗ್ಗಿ ಇನ್ನೂ ಹೆಚ್ಚು ಸೋರುತ್ತದೆ. ಪೈಪಿನ ದಪ್ಪವನ್ನು ‘ಫ್ರೆಂಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಪೈಪಿನ ಮೇಲೆ 24 ಎಂದಿದ್ದರೆ ಅದು ಎಂಟು ಮಿಲಿಮೀಟರ್, ಗಂಜಿಗೆ ಧಾರಾಳವಾಗಿ ಸಾಕು. ಸೋರಿಕೆಗೆ ಕಾರಣವನ್ನು ಹುಡುಕಬೇಕು. ಮಲಬದ್ಧತೆ, ಬಿಡದ ಕೆಮ್ಮು, ಒಂದೇ ಸಲಕ್ಕೆ ಹೆಚ್ಚು ಆಹಾರ, ಪೈಪು ಪಕ್ಕಕ್ಕೆ ವಾಲಿ ತೂತು ಹಿಗ್ಗುವುದು, ಸೋಂಕು, ಇಲ್ಲವೇ ನಾನು ಹೆದರುತ್ತಿರುವಂತೆ ಹೂತ ಬಂಪರ್. ಅಲ್ಲಿಯವರೆಗೆ ಚರ್ಮ ಸುಡದಂತೆ ಸತುವಿನ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಿ. ತೂತಿನ ಅಂಚಿನಲ್ಲಿ ಮುಟ್ಟಿದರೆ ರಕ್ತ ಜಿನುಗುವ ಕೆಂಪು ಎಳೆಮಾಂಸ ಬೆಳೆದಿದ್ದರೆ ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಪೈಪು ಅಲ್ಲಾಡಿ ಉಜ್ಜುವುದರಿಂದ ಬರುವಂಥದ್ದು. ಆಸ್ಪತ್ರೆಯಲ್ಲಿ ಸಿಲ್ವರ್ ನೈಟ್ರೇಟ್ ತಾಗಿಸಿ ಕಡಿಮೆ ಮಾಡುತ್ತಾರೆ.

ಬಟನ್ ಬಗ್ಗೆ. ಚರ್ಮದ ಮಟ್ಟಕ್ಕೇ ಕೂರುವ, ಉದ್ದನೆಯ ಬಾಲವಿಲ್ಲದ ಪೈಪು ಅದು. ಆಹಾರ ಕೊಡುವಾಗ ಮಾತ್ರ ಬೇರೆ ನಳಿಕೆ ಜೋಡಿಸಿ, ಆಮೇಲೆ ಕಳಚಿ, ಮುಚ್ಚಳ ಹಾಕಬಹುದು. ಮೊದಲು ಬಂದದ್ದು ಮಕ್ಕಳಿಗಾಗಿ, 1980ರ ದಶಕದಲ್ಲಿ. ಎಳೆಯುವ ಅಭ್ಯಾಸ ಇರುವವರಿಗೆ ನಿಜಕ್ಕೂ ಒಳ್ಳೆಯದು, ಅಣ್ಣನ ಯೋಚನೆ ತಪ್ಪಲ್ಲ. ಆದರೆ ನಿಮ್ಮ ತಂದೆಯವರಿಗೆ ಈಗಲೇ ಬೇಡ ಎನ್ನುತ್ತೇನೆ. ಬಟನ್‌ನಲ್ಲಿ ಸರಿಸಲು ತಟ್ಟೆಯೇ ಇಲ್ಲ, ತೂತಿನ ಆಳ ಅಳೆದು ಅಷ್ಟೇ ಉದ್ದದ್ದನ್ನು ಹಾಕಬೇಕು. ತೂಕ ಏರುತ್ತಿರುವವರಿಗೆ ಇವತ್ತು ಸರಿಯಾದ ಅಳತೆ ಎರಡು ತಿಂಗಳಲ್ಲಿ ಗಿಡ್ಡವಾಗುತ್ತದೆ, ಮತ್ತದೇ ಒತ್ತಡ. ಈಗಿನ ತೊಂದರೆ ಕಳೆದು, ತೂಕ ಒಂದು ಕಡೆ ನಿಂತ ಮೇಲೆ ಹಾಕಿಸಿ.

ಬಟನ್‌ಗಳಲ್ಲಿ ಹೆಚ್ಚಿನವು, ಬದಲಿಗೆ ಹಾಕುವ ಪೈಪುಗಳಲ್ಲೂ ಅನೇಕವು, ಬಂಪರಿನ ಬದಲು ನೀರು ತುಂಬಿದ ಬಲೂನಿನಿಂದ ನಿಲ್ಲುತ್ತವೆ. ಎಷ್ಟು ಮಿಲಿಲೀಟರ್ ಎಂದು ಅದರ ಕವಾಟದ ಮೇಲೆಯೇ ಬರೆದಿರುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಬೇಕು. ಗಾಳಿ ಸೋರಿಹೋಗುತ್ತದೆ, ಸಲೈನ್ ಹರಳುಗಟ್ಟಿ ಕವಾಟ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಪೈಪನ್ನು ಕೈಯಲ್ಲಿ ಹಿಡಿದುಕೊಂಡೇ ನೀರನ್ನು ಸಿರಿಂಜಿನಿಂದ ಹೊರತೆಗೆದು ಅಳೆದು ಮತ್ತೆ ತುಂಬಬೇಕು. ಮೂರರಿಂದ ಆರು ತಿಂಗಳಲ್ಲಿ ಜಠರದ ಆಮ್ಲಕ್ಕೆ ಬಲೂನು ಸವೆಯುತ್ತದೆ, ಬದಲಿಸಬೇಕು. ಬಲೂನಿನ ಕವಾಟಕ್ಕೆ ಆಹಾರ ಹಾಕಿದವರನ್ನು ನಾನು ನೋಡಿದ್ದೇನೆ, ಅದಕ್ಕೇ ಆ ಕವಾಟದ ಸುತ್ತ ಒಂದು ಕೆಂಪು ದಾರ ಕಟ್ಟಿಡಲು ಹೇಳುತ್ತೇನೆ.

ಪೈಪು ಪೂರ್ತಿ ಕಿತ್ತುಬಂದರೆ ಏನು ಮಾಡಬೇಕು ಎಂಬ ಭಯವೇ ಈ ಎಲ್ಲ ಬಿಗಿಗೆ ಮೂಲ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ಚುಚ್ಚಿದ ಕಿವಿಯಿಂದ ಓಲೆ ತೆಗೆದರೆ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯ ತೂತೂ ಕೆಲವೇ ಗಂಟೆಗಳಲ್ಲಿ ಕುಗ್ಗತೊಡಗುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ. ಶುಭ್ರ ಬಟ್ಟೆ ಅಥವಾ ಗಾಜ್ ಮುಚ್ಚಿ, ಬಾಯಿಗಾಗಲಿ ತೂತಿಗಾಗಲಿ ಏನೂ ಕೊಡದೆ, ಕಿತ್ತುಬಂದ ಪೈಪನ್ನು ಚೀಲದಲ್ಲಿ ಹಾಕಿಕೊಂಡು ಹೊರಡಿ. ಅದರ ಅಳತೆ ಗೊತ್ತಾಗುತ್ತದೆ, ಒಳತುದಿ ಪೂರ್ತಿ ಬಂದಿದೆಯೇ ಎಂಬುದೂ. ತೂತು ಮುಚ್ಚದಂತೆ ಮೂತ್ರಕ್ಕೆ ಹಾಕುವ ಫೋಲಿ ಕ್ಯಾತಿಟರನ್ನು ತಾತ್ಕಾಲಿಕವಾಗಿ ಇಡುವ ಪದ್ಧತಿ ನಮ್ಮಲ್ಲಿದೆ, ಕಿವಿಗೆ ಬೇವಿನ ಕಡ್ಡಿ ಇಟ್ಟಂತೆ. ತಾತ್ಕಾಲಿಕವಾಗಿ ಮಾತ್ರ. ಅದಕ್ಕೆ ಹೊರಗೆ ತಟ್ಟೆ ಇಲ್ಲದ್ದರಿಂದ ಒಳಕ್ಕೆ ಜಾರಿ ಅದರ ಬಲೂನು ಜಠರದ ಬಾಗಿಲಿಗೇ ಅಡ್ಡ ನಿಂತು ವಾಂತಿ ಮಾಡಿಸಬಹುದು. ಪೈಪು ಹಾಕಿ ನಾಲ್ಕು ವಾರ ಕಳೆಯದವರಲ್ಲಿ ಕಿತ್ತುಬಂದರೆ ಕಣ್ಣುಮುಚ್ಚಿ ಏನನ್ನೂ ತೂರಿಸಬಾರದು. ಬೆಸುಗೆ ಗಟ್ಟಿಯಾಗಿರುವುದಿಲ್ಲ, ಹೊಸ ಪೈಪು ಜಠರಕ್ಕೆ ಹೋಗದೆ ಉದರದೊಳಗೆ ಹೋಗಬಹುದು.

ಕೈಯಿಂದ ಎಳೆಯುವುದನ್ನು ತಪ್ಪಿಸಲು ತಟ್ಟೆಗಿಂತ ಬಟ್ಟೆ ಉಪಯೋಗಕ್ಕೆ ಬರುತ್ತದೆ. ಆಹಾರ ಕೊಡದ ಹೊತ್ತಿನಲ್ಲಿ ಪೈಪಿನ ಬಾಲವನ್ನು ಸಡಿಲವಾಗಿ ಬಾಗಿಸಿ, ಬನಿಯನ್ನಿನ ಕೆಳಗೆ ಬಲಗಡೆಗೆ ಟೇಪ್ ಹಾಕಿ, ಅವರ ಚುರುಕಾದ ಎಡಗೈಗೆ ಸುಲಭವಾಗಿ ಸಿಗದಂತೆ. ಟೇಪಿನ ಜಾಗವನ್ನು ಆಗಾಗ ಮೇಲೆ ಕೆಳಗೆ ಬದಲಿಸುತ್ತಿರಿ, ಸದಾ ಒಂದೇ ದಿಕ್ಕಿಗೆ ಎಳೆದು ಅಂಟಿಸಿದರೆ ತೂತು ಆ ದಿಕ್ಕಿಗೆ ಹಿಗ್ಗುತ್ತದೆ. ಮೇಲೊಂದು ಅಗಲವಾದ ಹತ್ತಿಬಟ್ಟೆಯ ಪಟ್ಟಿ ಸುತ್ತಬಹುದು, ಕೈ ಸಲೀಸಾಗಿ ತೂರುವಷ್ಟು ಸಡಿಲವಾಗಿ. ಪಂಚೆ ಉಡಿಸುವುದಾದರೆ ಗಂಟು ತಟ್ಟೆಯ ಮೇಲೆ ಬಾರದಂತೆ ಕೆಳಗೆ ಕಟ್ಟಿ.

ರಾಗಿ ಗಂಜಿಯ ಬಗ್ಗೆ ಎರಡು ಮಾತು, ಏಕೆಂದರೆ ನಿಧಾನವಾಗಲು ಅದೂ ಕಾರಣವಾಗಿರಬಹುದು. ರಾಗಿ ಆರಿದಂತೆಲ್ಲ ಗಟ್ಟಿಯಾಗುತ್ತದೆ. ಪಾತ್ರೆಯಲ್ಲಿ ತೆಳ್ಳಗಿದ್ದದ್ದು ಪೈಪಿನಲ್ಲಿ ಮುದ್ದೆಯಾಗುತ್ತದೆ. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟು ಬಳಸಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ತೆಳ್ಳಗೆ ಉಳಿಯುತ್ತದೆ. ತೆಳುಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಕೊಡಿ, ಮೊದಲೂ ಕೊನೆಗೂ 30ರಿಂದ 50 ಮಿ.ಲೀ. ನೀರು ಹಾಯಿಸಿ. ಕಟ್ಟಿಕೊಂಡರೆ ಬೆಚ್ಚಗಿನ ನೀರು ಮಾತ್ರ, ತಂಪು ಪಾನೀಯ ಬೇಡ, ಅದರ ಆಮ್ಲಕ್ಕೆ ಹಾಲಿನ ಅಂಶ ಇನ್ನೂ ಗಟ್ಟಿಯಾಗುತ್ತದೆ. ತಲೆಯ ಕಡೆ ಎತ್ತರಿಸಿ ಕೊಡುವುದನ್ನು, ಆಮೇಲೂ ಒಂದು ಗಂಟೆ ಹಾಗೆಯೇ ಇಡುವುದನ್ನು ನೀವು ಮಾಡುತ್ತಲೇ ಇರಬಹುದು.

ಬಂಪರ್ ಹೂತಿದೆಯೆಂದು ಗೊತ್ತಾದರೆ ಹೆದರಬೇಡಿ. ಎಂಡೋಸ್ಕೋಪ್ ಇಳಿಸಿ, ಬೇಕಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿ, ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡುತ್ತಾರೆ. ಮೆತ್ತನೆಯ ಬಂಪರ್ ಆಗಿದ್ದರೆ ಹೊರಗಿನಿಂದಲೇ ಎಳೆದು ತೆಗೆಯಲು ಆಗಬಹುದು. ಇಲ್ಲವಾದರೆ ಮುಚ್ಚಿದ ಪೊರೆಯನ್ನು ಒಳಗಿನಿಂದ ಕೊಯ್ದು ಬಿಡಿಸುತ್ತಾರೆ. ತೀರಾ ಆಳಕ್ಕೆ ಹೋಗಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಮನೆಯಲ್ಲಿ ತೂಕ ಬರೆದಿಟ್ಟ ಹಾಳೆ, ಕೊಡುತ್ತಿರುವ ಎಲ್ಲ ಮಾತ್ರೆಗಳನ್ನು ತೆಗೆದುಕೊಂಡು ಹೋಗಿ. ಪಾರ್ಶ್ವವಾಯುವಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಿದ್ದರೆ ಬಾಗಿಲಲ್ಲೇ ಹೇಳಿ. ಪೈಪು ಕೆಲಸ ಮಾಡದೆ ರಕ್ತದೊತ್ತಡದ, ಫಿಟ್ಸ್‌ನ ಮಾತ್ರೆಗಳು ತಪ್ಪಿಹೋಗಿದ್ದರೆ ಅದನ್ನೂ ಹೇಳಿ, ಬೇರೆ ದಾರಿಯಲ್ಲಿ ಕೊಡುತ್ತಾರೆ. ಹೊಸ ಪೈಪು ಹಾಕಿದ ಮೇಲೆ ಚರ್ಮದ ಬಳಿಯ ಅಂಕಿಯನ್ನು ಮಲಗಿಸಿದಾಗ ಎಷ್ಟು, ಕೂರಿಸಿದಾಗ ಎಷ್ಟು ಎಂದು ಎರಡೂ ಬರೆಸಿಕೊಳ್ಳಿ. ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ, ತಟ್ಟೆ ಸರಿಸಿ ಪೈಪು ಒಳಗೆ ತಳ್ಳುವುದನ್ನು ಅಲ್ಲಿಯೇ, ನರ್ಸ್ ಎದುರಿಗೆ, ಅವರ ಕೈಯಿಂದಲೇ ಒಮ್ಮೆ ಮಾಡಿಸಿ.